ಬಿಸಿಲು ಸೀಮೆಯ ದಾಳಿಂಬೆಗೂ ಬೇಕು ವಿಶ್ರಾಂತಿ



ಕಾಶ್ಮೀರ, ಹಿಮಾಚಲ ಪ್ರದೇಶಗಳ ತೋಟಗಾರರು ಹೂವಿಗಾಗಿ ಗಿಡವನ್ನು ಕಾಡುವುದಿಲ್ಲ. ಅಲ್ಲಿ ಸೇಬು, ಪೇರು, ಕ್ವಿನ್ಸ್ ಮುಂತಾದ ಗಿಡಗಳು ಚಳಿಗಾಲ ಬಂತೆಂದರೆ ಎಲೆಯನ್ನೆಲ್ಲ ಉದುರಿಸಿ ಬರಿಗೊಂಬೆಯಾಗಿ ನಿಲ್ಲುತ್ತವೆ. ಹಲವು ವಾರ ಕೊರೆಯುವ ಚಳಿಯಲ್ಲಿ ಮಲಗಿದ್ದು, ವಸಂತದ ಮೊದಲ ಬಿಸಿಲಿಗೆ ಮೈತುಂಬ ಹೂ ಹೊತ್ತು ಎಚ್ಚರಗೊಳ್ಳುತ್ತವೆ. ತಂಪು ದೇಶಗಳಲ್ಲಿ ಅಂದಕ್ಕಾಗಿ ಬೆಳೆಸುವ ಹೂ ಕ್ವಿನ್ಸ್ ಎಂಬ ಪೊದೆಯಂತೂ ಎಲೆ ಮೂಡುವ ಮೊದಲೇ ಕೆಂಪು ಹೂಗಳಿಂದ ತುಂಬಿಬಿಡುತ್ತದೆ. ಇದೇ ಪೊದೆಯನ್ನು ತಂದು ಚಿತ್ರದುರ್ಗದ ಹಿತ್ತಿಲಲ್ಲಿ ನೆಟ್ಟರೆ ಬದುಕಿದರೂ ಬದುಕೀತು, ಎಲೆಯನ್ನೂ ಬಿಟ್ಟೀತು. ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಗಿಡಕ್ಕೆ ಮಲಗು ಎಂದು ಹೇಳುವ ಚಳಿ ಈ ಸೀಮೆಯಲ್ಲಿ ಇಲ್ಲ.

ಇದನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ರೈತರು ನೆಚ್ಚಿಕೊಂಡಿರುವ ದಾಳಿಂಬೆಯೂ ಹುಟ್ಟಿನಿಂದ ಅಂಥದೇ ಗಿಡ. ಇರಾನ್, ಅಫ್ಘಾನಿಸ್ತಾನಗಳ ಕಡೆಯ ಚಳಿ ಪ್ರದೇಶಗಳಲ್ಲಿ ಅದು ಪ್ರತಿ ವರ್ಷ ಎಲೆ ಉದುರಿಸಿ ಮಲಗುತ್ತದೆ. ದಕ್ಷಿಣಕ್ಕೆ ಬಂದ ಮೇಲೆ ಚಳಿಯಿಲ್ಲದ ಕಾರಣ ವರ್ಷವಿಡೀ ಹಸಿರಾಗಿಯೇ ಉಳಿಯುತ್ತದೆ. ನೀರು ಕೊಡುತ್ತ ಹೋದರೆ ಮನಸ್ಸು ಬಂದಾಗಲೆಲ್ಲ ನಾಲ್ಕಾರು ಹೂ ಬಿಡುತ್ತದೆ. ಒಂದೇ ಗಿಡದಲ್ಲಿ ಮೊಗ್ಗು, ಹೀಚು, ಬಲಿತ ಕಾಯಿ ಎಲ್ಲವೂ ಒಟ್ಟಿಗೇ ಕಾಣುವುದು ಇದೇ ಕಾರಣಕ್ಕೆ. ಹಿತ್ತಿಲಿನ ಒಂಟಿ ಗಿಡಕ್ಕೆ ಇದರಿಂದ ತೊಂದರೆಯಿಲ್ಲ, ಮನೆಯ ಮಕ್ಕಳಿಗೆ ಆಗಾಗ ಒಂದು ಹಣ್ಣು ಸಿಗುತ್ತದೆ. ಮಾರುಕಟ್ಟೆಗೆ ಬೆಳೆಯುವ ತೋಟಕ್ಕೆ ಮಾತ್ರ ಇದು ದೊಡ್ಡ ನಷ್ಟ. ಆದ್ದರಿಂದ ಚಳಿಗಾಲ ಮಾಡಬೇಕಾದ ಕೆಲಸವನ್ನು ಇಲ್ಲಿ ರೈತನೇ ಮಾಡಬೇಕು. ನೀರನ್ನು ನಿಲ್ಲಿಸಿ ಗಿಡವನ್ನು ಮಲಗಿಸಿ, ಮತ್ತೆ ನೀರು ಕೊಟ್ಟು ಎಬ್ಬಿಸಬೇಕು. ಇದಕ್ಕೇ ಬಹಾರ್ ಹಿಡಿಯುವುದು ಎನ್ನುತ್ತಾರೆ.

ಬಹಾರ್‌ಗಳು ಮೂರು. ಹೆಸರುಗಳು ಮಹಾರಾಷ್ಟ್ರದ ಕಡೆಯಿಂದ ಬಂದರೂ ಅರ್ಥ ಎಲ್ಲರಿಗೂ ಪರಿಚಿತವೇ. ಮಾವು ಹೂ ಬಿಡುವ ಜನವರಿ–ಫೆಬ್ರವರಿಯಲ್ಲಿ ಹೂ ಬರಿಸುವುದು ಅಂಬೆ ಬಹಾರ್. ಮೃಗಶಿರ ಮಳೆಯ ಹೊತ್ತಿಗೆ, ಜೂನ್–ಜುಲೈಯಲ್ಲಿ ಹೂ ಬರಿಸುವುದು ಮೃಗ ಬಹಾರ್. ಹಸ್ತ ನಕ್ಷತ್ರದ ಹೊತ್ತಿಗೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬರಿಸುವುದು ಹಸ್ತ ಬಹಾರ್. ಹೂವಾದ ಮೇಲೆ ಹಣ್ಣು ಕೊಯ್ಲಿಗೆ ಬರಲು ಐದರಿಂದ ಆರು ತಿಂಗಳು ಬೇಕು. ಭಗವಾ ತಳಿಗೆ ಆರು ತಿಂಗಳೇ ಎಂದಿಟ್ಟುಕೊಳ್ಳಬೇಕು. ಅಂದರೆ ವರ್ಷಕ್ಕೆ ಒಂದು ಬೆಳೆ, ಉಳಿದ ಕಾಲ ವಿಶ್ರಾಂತಿ. ಎರಡು ಬೆಳೆಗೆ ಲೆಕ್ಕ ಕೂಡುವುದೇ ಇಲ್ಲ. ಹೀಗಿದ್ದರೂ ತೋಟಗಳು ಹಾಳಾಗುತ್ತಿರುವುದು ಹೆಚ್ಚಾಗಿ ಈ ಎರಡನೆಯ ಬೆಳೆಯ ಆಸೆಯಿಂದಲೇ.

ಒಂದೂವರೆ ಎಕರೆಯ ಒಂದು ತೋಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಾಲಿನಿಂದ ಸಾಲಿಗೆ 15 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ ಅಂತರದಲ್ಲಿ ಎಕರೆಗೆ 290ರಂತೆ 435 ಗಿಡಗಳು. ಕೊಳವೆ ಬಾವಿ ಕೊರೆಸಿದ್ದಕ್ಕೆ, ಡ್ರಿಪ್ ಎಳೆಸಿದ್ದಕ್ಕೆ, ಸಸಿಗೆ ಎಂದು ಸಾಲ ತಲೆಯ ಮೇಲಿದೆ. ಮೂರನೆಯ ವರ್ಷ ಮೊದಲ ಬೆಳೆ ಚೆನ್ನಾಗಿ ಬಂತು. ವ್ಯಾಪಾರಿ ತೋಟಕ್ಕೇ ಬಂದು ಒಳ್ಳೆಯ ಬೆಲೆ ಕೊಟ್ಟು ಕೊಯ್ದುಕೊಂಡು ಹೋದ. ಸಾಲದ ಅರ್ಧ ತೀರಿತು. ಉಳಿದರ್ಧವನ್ನೂ ಈ ವರ್ಷವೇ ತೀರಿಸಿಬಿಡೋಣ ಎಂಬ ಆಸೆ ಯಾರಿಗೆ ತಾನೇ ಇರುವುದಿಲ್ಲ? ಕೊಯ್ಲು ಮುಗಿದ ತಿಂಗಳಿಗೇ ಗಿಡ ಸವರಿ, ಎಲೆ ಉದುರಿಸುವ ಔಷಧಿ ಹೊಡೆದು, ಗೊಬ್ಬರ ನೀರು ಕೊಟ್ಟಾಯಿತು. ಹೂ ಬಂತು. ಆದರೆ ಕಾಯಿ ದಪ್ಪವಾಗುವ ಹೊತ್ತಿಗೆ ಮಳೆ ಹಿಡಿಯಿತು. ಎಲೆಯ ಮೇಲೆ ಚುಕ್ಕೆ, ಕಾಯಿಯ ಮೇಲೆ ಬಿರುಕು. ಹೊಟ್ಟೆಗಿಲ್ಲದೆ ಬೆಳೆ ಹೊತ್ತ ಗಿಡಕ್ಕೆ ರೋಗವನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಆ ವರ್ಷದ ಬೆಳೆ ಹೋದದ್ದಲ್ಲದೆ ಮುಂದಿನ ವರ್ಷದ ಬೆಳೆಯೂ ಹೋಯಿತು. ಕೊನೆಗೆ ಜೆಸಿಬಿ ತರಿಸಿ ಗಿಡ ಕೀಳಿಸಬೇಕಾಯಿತು, ಅದಕ್ಕೂ ದುಡ್ಡು ತೆರಬೇಕು. ಇಂಥ ಬರಿದಾದ ತೋಟದ ಬದುವಿನಲ್ಲಿ ಒಣಗಿದ ದಾಳಿಂಬೆ ಬೊಡ್ಡೆಗಳ ರಾಶಿಯನ್ನು ನೋಡಿದವರು ಈ ತಾಲ್ಲೂಕುಗಳಲ್ಲಿ ಹಲವರಿದ್ದಾರೆ.

ಹಾಗಾದರೆ ಯಾವ ಬಹಾರ್ ಹಿಡಿಯಬೇಕು? ದುಂಡಾಣು ಅಂಗಮಾರಿ ಇರುವ ಕಡೆ ಮೃಗ ಬಹಾರ್ ಬೇಡ, ಹಸ್ತ ಬಹಾರ್ ಹಿಡಿಯಿರಿ ಎಂಬುದು ಸಾಮಾನ್ಯ ಶಿಫಾರಸು. ಮೃಗ ಬಹಾರ್ ಬಿಡಬೇಕೆನ್ನುವುದರಲ್ಲಿ ಎರಡು ಮಾತಿಲ್ಲ. ನೀರು ಕಡಿಮೆ ಸಾಕೆಂದು ರೈತರಿಗೆ ಅದು ಸುಲಭವಾಗಿ ಕಾಣುತ್ತದೆ. ಆದರೆ ಕಾಯಿ ಬೆಳೆಯುವ ಕಾಲವೆಲ್ಲ ಮಳೆ, ಮೋಡಗಳಲ್ಲೇ ಕಳೆಯುತ್ತದೆ. ಹಸ್ತ ಬಹಾರ್ ವಿಷಯದಲ್ಲಿ ಮಾತ್ರ ಈ ಜಿಲ್ಲೆಯ ಮಳೆಯ ನಡೆಯನ್ನು ನೋಡಿಯೇ ತೀರ್ಮಾನಿಸಬೇಕು. ಹಿರಿಯೂರಿನ ಸುತ್ತಮುತ್ತ ವರ್ಷದ ದೊಡ್ಡ ಮಳೆ ಬರುವುದೇ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ನೀರು ನಿಲ್ಲಿಸಿ ಗಿಡವನ್ನು ಬಾಡಿಸಬೇಕಾದ ಹೊತ್ತಿಗೆ ಸರಿಯಾಗಿ ಆಕಾಶವೇ ನೀರು ಹಾಕಿಬಿಡುತ್ತದೆ. ಅರೆನಿದ್ದೆಯಲ್ಲಿ ಎಬ್ಬಿಸಿದ ಮಗು ರಚ್ಚೆ ಹಿಡಿಯುವಂತೆ, ಅರ್ಧ ಬಾಡಿದ ಗಿಡ ಎಲೆ ಚಿಗುರಿಸುತ್ತದೆಯೇ ಹೊರತು ಹೂ ಬಿಡುವುದಿಲ್ಲ.

ಆದ್ದರಿಂದ ಈ ಸೀಮೆಯ ಕೆಂಪು ಮಸಾರಿ ಭೂಮಿಗೆ ಸ್ವಲ್ಪ ತಡವಾದ ಹಸ್ತವೇ ಹೊಂದುತ್ತದೆ. ಚಿತ್ತೆ ಮಳೆ ಮುಗಿದು ಸ್ವಾತಿಯ ಹೊತ್ತಿಗೆ ನೀರು ನಿಲ್ಲಿಸಿ, ನವೆಂಬರ್ ಕೊನೆಗೆ ನೀರು ಬಿಟ್ಟರೆ ಡಿಸೆಂಬರ್ ಕೊನೆಯ ಹೊತ್ತಿಗೆ ಹೂ ಕಾಣುತ್ತದೆ. ಕಾಯಿ ಬೆಳೆಯುವ ತಿಂಗಳುಗಳು ಒಣ ಹವೆಯಲ್ಲಿ ಕಳೆಯುತ್ತವೆ. ಇದರಲ್ಲೂ ತೊಡಕು ಇಲ್ಲವೆಂದಲ್ಲ. ಮೇ ತಿಂಗಳ ಗಾಳಿಮಳೆ, ಆಲಿಕಲ್ಲು ಒಂದು ಭಯ. ಅದಕ್ಕಿಂತ ದೊಡ್ಡದು ಬೇಸಿಗೆಯ ನೀರು. ಬೆಳೆದ ಗಿಡಕ್ಕೆ ಬಿರುಬೇಸಿಗೆಯಲ್ಲಿ ದಿನಕ್ಕೆ 40 ಲೀಟರಿನಂತೆ ಲೆಕ್ಕ ಹಾಕಿದರೂ ಎಕರೆಗೆ 11,600 ಲೀಟರ್ ಆಯಿತು. ಕೊಳವೆ ಬಾವಿ ಮಾರ್ಚ್ ತಿಂಗಳಿಗೇ ಕೆಮ್ಮತೊಡಗುವುದಾದರೆ ಅಷ್ಟೂ ಗಿಡಕ್ಕೆ ಬಹಾರ್ ಹಿಡಿಯುವುದು ಸಲ್ಲದು. ಅರ್ಧ ತೋಟಕ್ಕೆ ಹಿಡಿದು ಉಳಿದರ್ಧವನ್ನು ಬರಿದೆ ಬದುಕಿಸಿಕೊಂಡರೂ ಆಗಬಹುದು, ಅಥವಾ ಕೃಷಿ ಹೊಂಡದಲ್ಲಿ ಹಿಂಗಾರಿನ ನೀರು ಹಿಡಿದಿಟ್ಟು ಧೈರ್ಯ ಮಾಡಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಹಿರಿಯರು ನೀರನ್ನು ನೋಡಿಯೇ ಹೇಳಿದರೋ ಏನೋ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವೇ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು. ಇಂಥ ಸೀಮೆಯಲ್ಲಿ ನೀರಿನ ಲೆಕ್ಕ ಬಿಟ್ಟು ತೋಟ ಮಾಡಲಾಗದು.

ಹೊಳಲ್ಕೆರೆಯ ಕಡೆ ಮಳೆ ಹಿರಿಯೂರಿಗಿಂತ ಹೆಚ್ಚು, ಮುಂಗಾರೂ ಬಲವಾಗಿರುತ್ತದೆ. ಅಲ್ಲಿಯವರು ಜೂನ್ ಕಾಲಿಡುವ ಮೊದಲೇ ಕೊಯ್ಲಾಗುವಂತೆ ಒಂದೆರಡು ವಾರ ಮುಂಚಿತವಾಗಿ ಆರಂಭಿಸುವುದು ಲೇಸು. ಒಂದೇ ಊರಿನ ಅಕ್ಕಪಕ್ಕದ ತೋಟದವರು ಕೂಡಿ ಮಾತನಾಡಿ ಒಂದೇ ಬಹಾರ್ ಹಿಡಿದರೆ ಇನ್ನೂ ಒಳ್ಳೆಯದು. ಒಬ್ಬರ ತೋಟ ಮಲಗಿರುವಾಗ ಪಕ್ಕದವರ ತೋಟದಲ್ಲಿ ರೋಗ ಹಿಡಿದ ಕಾಯಿ ತೂಗಾಡುತ್ತಿದ್ದರೆ ಮಲಗಿಸಿದ್ದರ ಫಲ ಅರ್ಧ ಹೋದಂತೆಯೇ.

ಈಗ ಮಲಗಿಸುವ ಕ್ರಮ. ಕೊಯ್ಲು ಮುಗಿದ ಕೂಡಲೇ ನೀರು ನಿಲ್ಲಿಸುವುದು ತಪ್ಪು. ಹೆತ್ತ ಬಾಣಂತಿಯನ್ನು ಉಪವಾಸ ಕೆಡವಿದ ಹಾಗೆ. ಮೊದಲು ಎರಡು ಮೂರು ತಿಂಗಳು ಹದವಾಗಿ ನೀರು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಕೊಟ್ಟು ಗಿಡ ಸುಧಾರಿಸಿಕೊಳ್ಳಲು ಬಿಡಬೇಕು. ಈ ಕಾಲದಲ್ಲಿ ಬಂದ ಹೂಗಳನ್ನೆಲ್ಲ ಕಿತ್ತು ಹಾಕಬೇಕು. ಮುಂದಿನ ಬೆಳೆಗೆ ಬೇಕಾದ ಸತ್ವವನ್ನು ಎಲೆಗಳು ತಯಾರಿಸಿ ಕೊಂಬೆಯಲ್ಲಿ ಕೂಡಿಡುವುದು ಆಗಲೇ. ರೋಗದ ಕೊಂಬೆಗಳನ್ನು ಸವರುವುದಕ್ಕೂ ಇದೇ ಸಮಯ.

ಅನಂತರ ನೀರು ನಿಲ್ಲಿಸಬೇಕು. ಎಷ್ಟು ದಿನ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ, ಮಣ್ಣನ್ನು ಕೇಳಬೇಕು. ಹೊಸದುರ್ಗದ ಗರಸು ಮಿಶ್ರಿತ ಕೆಂಪು ನೆಲದಲ್ಲಿ ನಾಲ್ಕೈದು ವಾರಕ್ಕೆ ಗಿಡ ಬಾಡುತ್ತದೆ. ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳ ಎರೆ ಹೊಲದಲ್ಲಿ ತೇವ ಆಳದಲ್ಲಿ ಉಳಿದುಕೊಳ್ಳುವುದರಿಂದ ಎರಡು ತಿಂಗಳಾದರೂ ಎಲೆ ಹಸಿರಾಗಿಯೇ ಇರುವುದುಂಟು. ಎರೆ ಭೂಮಿಯಲ್ಲಿ ದಾಳಿಂಬೆ ಮಾಡಬಾರದೆಂದಲ್ಲ. ನೀರು ಬಸಿಯುವಂತೆ ಏರುಮಡಿ ಮಾಡಿ ನೆಡಬೇಕು, ಬಾಡಿಸಲು ಹೆಚ್ಚು ದಿನ ಇಟ್ಟುಕೊಳ್ಳಬೇಕು. ಪಂಚಾಂಗ ನೋಡಿ ದಿನ ಎಣಿಸುವುದಕ್ಕಿಂತ ಗಿಡವನ್ನು ನೋಡುವುದು ಮೇಲು. ಎಲೆ ಹಳದಿಗೆ ತಿರುಗಿ ಹೆಚ್ಚುಕಡಿಮೆ ಅರ್ಧದಷ್ಟು ತಾನಾಗಿ ಉದುರಿದರೆ ಸಾಕು. ತೆಳು ಕಡ್ಡಿಯೊಂದರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿರಬೇಕು. ಕಂದಾಗಿದ್ದರೆ ಕೊಂಬೆಯೇ ಒಣಗತೊಡಗಿದೆ ಎಂದರ್ಥ, ತಡಮಾಡದೆ ನೀರು ಕೊಡಬೇಕು.

ಉಳಿದ ಎಲೆಗಳನ್ನು ಉದುರಿಸಲು ಎಥ್ರೆಲ್ ಸಿಂಪಡಿಸುವ ರೂಢಿ ಇದೆ. ಲೀಟರ್ ನೀರಿಗೆ 1ರಿಂದ 2 ಮಿ.ಲೀ. ಎಥ್ರೆಲ್, ಜೊತೆಗೆ 5 ಗ್ರಾಂ ಡಿಎಪಿ. ಬಾಡಿಸುವ ತಾಳ್ಮೆಯಿಲ್ಲದೆ ಹಸಿ ಗಿಡಕ್ಕೆ ಇದನ್ನು ಎರಡು ಪಟ್ಟು, ಮೂರು ಪಟ್ಟು ಹೊಡೆಯುವವರಿದ್ದಾರೆ. ಎಲೆಯೇನೋ ಉದುರುತ್ತದೆ, ಆದರೆ ಅದು ನಿದ್ದೆಯಲ್ಲ, ಪೆಟ್ಟು. ಕೊಂಬೆಯ ತುದಿಗಳು ಒಣಗಿ ಹೂವೂ ಕೈಬಿಡುತ್ತದೆ. ಔಷಧಿ ನೀರಿನ ಶಿಸ್ತಿಗೆ ಸಹಾಯಕವೇ ಹೊರತು ಬದಲಿಯಲ್ಲ.

ಎಲೆ ಉದುರಿದ ಮೇಲೆ ಹಗುರಾಗಿ ತುದಿ ಸವರಿ, ಪಾತಿ ಬಿಡಿಸಿ, ಬೆಳೆದ ಗಿಡಕ್ಕೆ 20ರಿಂದ 25 ಕಿಲೊ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಮಣ್ಣು ಪರೀಕ್ಷೆಗೆ ಅನುಗುಣವಾದ ರಸಗೊಬ್ಬರವನ್ನೂ ಕೊಡಬೇಕು. ಆಳವಾಗಿ ಸವರಬಾರದು. ದಾಳಿಂಬೆ ಹಣ್ಣಾಗುವುದು ಬಲಿತ ಕೊಂಬೆಯ ಗಿಡ್ಡ ಕವಲುಗಳ ತುದಿಯಲ್ಲಿ, ಅವು ಮೂರು ನಾಲ್ಕು ವರ್ಷ ಫಲ ಕೊಡಬಲ್ಲವು. ಅಂದ ಕಾಣಲೆಂದು ಅವನ್ನೆಲ್ಲ ಕತ್ತರಿಸಿದರೆ ಗಿಡ ಸೊಂಪಾಗಿ ಚಿಗುರುತ್ತದೆ, ಹಣ್ಣು ಇರುವುದಿಲ್ಲ. ಮೊದಲ ನೀರು ಹಗುರಾಗಿರಲಿ. ತಿಂಗಳು ಉಪವಾಸವಿದ್ದವನಿಗೆ ಮೊದಲ ದಿನವೇ ಹಬ್ಬದೂಟ ಬಡಿಸಬಾರದಷ್ಟೇ. ಮೊದಲಿಗೇ ಭರ್ತಿ ನೀರು ಕಂಡ ಗಿಡದ ಮೊಗ್ಗು ಉದುರುತ್ತದೆ. ಮೂರು ನಾಲ್ಕು ಸರದಿಗಳಲ್ಲಿ ಹೆಚ್ಚಿಸುತ್ತ ಹೋಗಬೇಕು.

ಹೂ ಬಂದಾಗ ಅರ್ಧದಷ್ಟು ಉದುರಿದರೆ ಗಾಬರಿ ಬೇಡ. ದಾಳಿಂಬೆಯಲ್ಲಿ ಗಂಡು ಹೂ ಬೇರೆ, ದ್ವಿಲಿಂಗ ಹೂ ಬೇರೆ. ಬುಡ ಚೂಪಾಗಿ ಗಂಟೆಯಂತೆ ಕಾಣುವುದು ಗಂಡು ಹೂ, ಅದು ಉದುರಲೇಬೇಕು. ಬುಡ ಗುಂಡಾಗಿ ಹೂಜಿಯಂತಿರುವುದೇ ಕಾಯಿ ಕಟ್ಟುವ ಹೂ. ಇದನ್ನರಿಯದೆ ಹೂ ಉದುರುತ್ತಿದೆಯೆಂದು ಅಂಗಡಿಯವರು ಕೊಟ್ಟ ಬಾಟಲಿಗಳನ್ನೆಲ್ಲ ಸಿಂಪಡಿಸುವವರು ಬಹಳ. ಕೆಲವು ಮನೆಗಳ ಮುಂದೆ ಎಸಳು ಎಸಳಾಗಿ ಸುತ್ತಿಕೊಂಡ ಕೆಂಪು ಹೂ ಬಿಡುವ ಹೂ ದಾಳಿಂಬೆ ಇರುತ್ತದೆ, ಅದು ಕಾಯಿ ಕಟ್ಟುವ ಜಾತಿಯೇ ಅಲ್ಲ. ಅದರ ಕಡ್ಡಿ ತಂದು ತೋಟದಲ್ಲಿ ನೆಡಬಾರದು.

ಕಾಯಿ ಎಷ್ಟು ಬಿಡಬೇಕು ಎಂಬಲ್ಲಿಯೂ ಆಸೆ ಅಡ್ಡ ಬರುತ್ತದೆ. ಲೆಕ್ಕ ಹಾಕಿ ನೋಡಿ. ಗಿಡಕ್ಕೆ 60 ಹಣ್ಣು, ಒಂದೊಂದೂ 250 ಗ್ರಾಂ ತೂಗಿದರೆ 15 ಕಿಲೊ. 120 ಹಣ್ಣು ಬಿಟ್ಟು ಒಂದೊಂದೂ 125 ಗ್ರಾಂ ಆದರೂ ಅದೇ 15 ಕಿಲೊ. ವ್ಯಾಪಾರಿ ಮಾತ್ರ ಎರಡಕ್ಕೂ ಒಂದೇ ಬೆಲೆ ಕಟ್ಟುವುದಿಲ್ಲ. ನಾಲ್ಕು ವರ್ಷದ ಗಿಡಕ್ಕೆ 60ರಿಂದ 80 ಕಾಯಿ ಸಾಕು, ಗೊಂಚಲಲ್ಲಿರುವ ಹೆಚ್ಚಿನವನ್ನು ನಿಂಬೆ ಗಾತ್ರವಾಗುವ ಮೊದಲೇ ಕಿತ್ತುಬಿಡಬೇಕು. ನೆಟ್ಟ ಮೊದಲ ಎರಡು ವರ್ಷವಂತೂ ಒಂದು ಕಾಯನ್ನೂ ಬಿಡಬಾರದು. ಆ ಎರಡು ವರ್ಷ ಸಾಲುಗಳ ನಡುವೆ ಅಲಸಂದೆ, ಹುರುಳಿ ಬೆಳೆದುಕೊಳ್ಳಬಹುದು. ಹೂವಿನ ಬೇಸಾಯ ಬಲ್ಲ ಈ ಸೀಮೆಯವರಿಗೆ ಚೆಂಡುಹೂ ಹೊಸದಲ್ಲ. ಬೇರುಗಂಟು ಜಂತುಹುಳುವನ್ನು ಹತ್ತಿಕ್ಕುವುದರಿಂದ ಪಾತಿಯ ಅಂಚಿಗೆ ಅದು ಎಂದೂ ಸಲ್ಲುತ್ತದೆ.

ಇನ್ನು ದುಂಡಾಣು ಅಂಗಮಾರಿ. ಎಲೆಯ ಮೇಲೆ ಮೊದಲು ನೀರು ನೆಂದಂಥ ಸಣ್ಣ ಚುಕ್ಕೆ, ಬರಬರುತ್ತ ಕಪ್ಪು, ಸುತ್ತ ಹಳದಿ ಉಂಗುರ. ಕೊಂಬೆಯ ಗೆಣ್ಣುಗಳಲ್ಲಿ ಕಪ್ಪು ಕಲೆ ಸುತ್ತುವರಿದು ಅಲ್ಲಿಗೇ ಮುರಿಯುತ್ತದೆ. ಕಾಯಿಯ ಮೇಲಿನ ಕಪ್ಪು ಕಲೆ ಎಲ್ ಅಥವಾ ವೈ ಅಕ್ಷರದಂತೆ, ನಕ್ಷತ್ರದಂತೆ ಸೀಳುತ್ತದೆ. ನೀರಿನ ಏರುಪೇರಿನಿಂದಲೂ ಕಾಯಿ ಬಿರಿಯುತ್ತದೆ, ಆದರೆ ಆ ಬಿರುಕಿನ ಸುತ್ತ ಕಪ್ಪು ಕಲೆ ಇರುವುದಿಲ್ಲ. ಈ ವ್ಯತ್ಯಾಸ ತಿಳಿದಿರಬೇಕು. ದೆಹಲಿಯ ಬಳಿ 1952ರಲ್ಲಿ ಮೊದಲು ವರದಿಯಾದ ಈ ರೋಗಕ್ಕೆ ಗಿಡದೊಳಗಿನಿಂದ ಬುಡಸಹಿತ ಕೀಳುವ ಮದ್ದು ಇಂದಿಗೂ ಇಲ್ಲ. ಆಂಟಿಬಯೋಟಿಕ್ ಪುಡಿಗಳನ್ನೇ ನಂಬಿ ಹಣ ಸುರಿದವರ ತೋಟಗಳೂ ಹೋಗಿವೆ. ಈ ದುಂಡಾಣು ಉದುರಿದ ಎಲೆ, ಕಾಯಿಗಳಲ್ಲಿಯೂ ಕೊಂಬೆಯ ಗಾಯಗಳಲ್ಲಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮಳೆ ಹನಿಯ ಸಿಡಿತದಿಂದ, ರೋಗದ ತೋಟದಿಂದ ತಂದ ಸಸಿಯಿಂದ, ಕತ್ತರಿಯಿಂದ ಹರಡುತ್ತದೆ. ಅಗ್ಗವೆಂದು ಗುರುತಿಲ್ಲದ ಕಡೆಯಿಂದ ಗೂಟಿ ಸಸಿ ತರುವುದೆಂದರೆ ದುಡ್ಡು ಕೊಟ್ಟು ರೋಗ ತಂದಂತೆಯೇ. ಊರೂರು ತಿರುಗಿ ಗಿಡ ಸವರುವ ಕೂಲಿ ತಂಡದವರ ಕತ್ತರಿಯನ್ನು ತೋಟದೊಳಗೆ ಬಿಡುವ ಮೊದಲು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿಸಬೇಕು, ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗಲೂ ಅದ್ದಿಸಬೇಕು. ಅವರು ಬೇಸರಿಸಿಕೊಂಡರೂ ಚಿಂತೆಯಿಲ್ಲ.

ವಿಶ್ರಾಂತಿಯ ಕಾಲದ ಬೆಲೆ ತಿಳಿಯುವುದು ಇಲ್ಲಿಯೇ. ತೋಟ ಮಲಗಿರುವಾಗ ಗಿಡದಲ್ಲಿ ಕಾಯಿಲ್ಲ, ನೆಲ ಒಣಗಿದೆ, ದುಂಡಾಣುವಿಗೆ ಹರಡಲು ದಾರಿ ಕಡಿಮೆ. ಆಗ ರೋಗದ ಕೊಂಬೆಯನ್ನು ಕಲೆಯಿಂದ ಎರಡು ಅಂಗುಲ ಕೆಳಕ್ಕೆ ಕತ್ತರಿಸಿ, ಉದುರಿದ ಎಲೆ, ಕಾಯಿಗಳನ್ನೆಲ್ಲ ಗುಡಿಸಿ ತೋಟದ ಹೊರಗೆ ಸುಟ್ಟು, ಶೇಕಡ 1ರ ಬೋರ್ಡೊ ದ್ರಾವಣ ಸಿಂಪಡಿಸಿದರೆ ಮುಂದಿನ ಬೆಳೆಗೆ ರೋಗದ ಮೂಲವೇ ತಗ್ಗುತ್ತದೆ. ವರ್ಷಕ್ಕೆ ಎರಡು ಬೆಳೆ ತೆಗೆಯುವ ತೋಟದಲ್ಲಿ ಈ ಕೆಲಸಕ್ಕೆ ಬಿಡುವೇ ಸಿಗುವುದಿಲ್ಲ.

ಬೋರ್ಡೊ ದ್ರಾವಣವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು, ಅಂದಂದಿನದು ಅಂದಂದಿಗೇ. ಒಂದು ಕಿಲೊ ಮೈಲುತುತ್ತವನ್ನು ಪುಡಿ ಮಾಡಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕರಗಿಸಿ. ಬೇರೆ ಪಾತ್ರೆಯಲ್ಲಿ ಒಂದು ಕಿಲೊ ಸುಟ್ಟ ಸುಣ್ಣವನ್ನು ಅರಳಿಸಿ, ತಣಿಸಿ, ಸೋಸಿ 50 ಲೀಟರ್ ಮಾಡಿಕೊಳ್ಳಿ. ಎರಡನ್ನೂ ಮೂರನೆಯ ಪಾತ್ರೆಗೆ ಒಟ್ಟಿಗೇ ಸುರಿಯುತ್ತ ಕಡ್ಡಿಯಿಂದ ತಿರುವಬೇಕು. ಕಬ್ಬಿಣ, ತಗಡಿನ ಪಾತ್ರೆ ಕೂಡದು. ಚೆನ್ನಾಗಿ ಉಜ್ಜಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನಷ್ಟು ಸುಣ್ಣದ ನೀರು ಬೇಕು; ಕೂರದಿದ್ದರೆ ಹದ ಬಂದಿದೆ. ಹೂ, ಎಳೆ ಚಿಗುರು ಇರುವಾಗ ಇದನ್ನು ಹೊಡೆದರೆ ಸುಡುತ್ತದೆ, ಮಲಗಿರುವ ಗಿಡಕ್ಕೆ ಆ ಭಯವಿಲ್ಲ. ಕಾಂಡಕ್ಕೆ ಬಳಿಯುವ ಮುಲಾಮಿಗೆ ಅದೇ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣಕ್ಕೆ 10 ಲೀಟರ್ ನೀರು ಸಾಕು.

ಸೊರಗು ರೋಗದ ಮಾತು ಬೇರೆಯೇ. ಅದು ಬೇರಿನಿಂದ ಬೇರಿಗೆ ದಾಟುತ್ತದೆ, ವಿಶ್ರಾಂತಿಯಿಂದ ವಾಸಿಯಾಗುವಂಥದಲ್ಲ. ಒಂದು ಕೊಂಬೆ ಹಳದಿಯಾಗಿ, ಎಲೆ ಜೋತು, ಕಾಂಡ ಸೀಳಿದರೆ ಒಳಗೆ ಕಂದು ಬಣ್ಣ ಕಂಡರೆ ಆ ಗಿಡದ ನೀರಿನ ದಾರಿಯನ್ನು ಪಕ್ಕದ ಗಿಡದಿಂದ ಬೇರ್ಪಡಿಸಿ ಕೂಡಲೇ ತಜ್ಞರಿಗೆ ತೋರಿಸಬೇಕು. ಬರಿಯ ಬಾಡಿಕೆಯೆಂದು ನೀರು ಹೆಚ್ಚಿಸಿದರೆ ಸಾಲಿಗೆ ಸಾಲೇ ಹೋಗುತ್ತದೆ.

ಅನುಮಾನ ಬಂದಾಗ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ಮಾದರಿ ಒಯ್ಯಬಹುದು. ಒಯ್ಯುವಾಗ ಪೂರ್ತಿ ಒಣಗಿದ ಕೊಂಬೆ ಬೇಡ. ರೋಗ ಈಗಷ್ಟೇ ತೋರಿರುವ ಕೊಂಬೆಯನ್ನು, ಎಲೆಯನ್ನು, ಸಾಧ್ಯವಾದರೆ ಒಂದು ಕಾಯನ್ನು ಬೆಳಿಗ್ಗೆಯೇ ಕತ್ತರಿಸಿ ಹಳೆಯ ಪತ್ರಿಕೆಯ ಕಾಗದದಲ್ಲಿ ಸುತ್ತಬೇಕು. ಕೊನೆಯ ನೀರು ಕೊಟ್ಟ ದಿನ, ಬಹಾರ್ ಹಿಡಿದ ದಿನ, ಹೊಡೆದ ಔಷಧಿಗಳ ಹೆಸರು ಬರೆದ ಚೀಟಿ ಜೊತೆಗಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ಒಯ್ದ ಎಲೆ ಬೆವರಿ ಕೊಳೆತು, ಯಾವ ರೋಗವೆಂದು ಯಾರೂ ಹೇಳಲಾಗದ ಸ್ಥಿತಿಗೆ ಬಂದಿರುತ್ತದೆ.